ನನ್ನ ಜೋಡ ನಾನೇ ಹಚ್ಚಿಕೊಂಡದ್ದು

ಜಾತ್ರೆ ಕುಸ್ತಿಯಲ್ಲಿ ತೂಕದ ಯಂತ್ರ ಇರುವುದಿಲ್ಲ. ಹಿರಿಯ ಪೈಲ್ವಾನರು ಇಬ್ಬರನ್ನು ಒತ್ತಟ್ಟಿಗೆ ನಿಲ್ಲಿಸಿ, ಭುಜ ನೋಡಿ, ತೊಡೆ ನೋಡಿ ಜೋಡ ಹಚ್ಚುತ್ತಾರೆ. ಗೋಕಾಕ ಕಡೆಯ ನಮ್ಮ ಕಾಕಾ ಹರೆಯದಲ್ಲಿ ಅಂಥ ಕುಸ್ತಿ ಹಿಡಿದವರು. ಮೂವತ್ತೈದನೇ ವಯಸ್ಸಿಗೆ ನಾನು ಬೆಳಗಾವಿಯಲ್ಲಿ ಜುಡೊ ಕಲಿಯಲು ಹೋದಾಗ ಅವರು ಕೇಳಿದ್ದು ಒಂದೇ: "ಯಾರ ಕೂಡ ಜೋಡ ಹಚ್ಯಾರವಾ?"

ನನಗೆ ಪದಕ ಬೇಕಿರಲಿಲ್ಲ. ಟಿಳಕವಾಡಿಯಲ್ಲಿ ಔಷಧಿ ಅಂಗಡಿ ಮುಚ್ಚಿ ರಾತ್ರಿ ಒಬ್ಬಳೇ ನಡೆಯುವವಳು. ಮಳೆಗಾಲದಲ್ಲಂತೂ ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಯಾರಾದರೂ ಹಿಡಿದರೆ ಬಿಡಿಸಿಕೊಂಡು ಓಡುವಷ್ಟು ಬಂದರೆ ಸಾಕಿತ್ತು.

ಮೊದಲ ನಾಲ್ಕು ತಿಂಗಳು ಗೆಳತಿಯೇ ಜೋಡಿ. ಇಬ್ಬರೂ ಹೆಚ್ಚುಕಡಿಮೆ 58 ಕೆಜಿ. ನಾನು ಸೊಂಟದ ಮೇಲೆ ಎತ್ತಿ ಒಗೆದರೆ ಅವಳು ದಪ್ಪೆಂದು ಬೀಳುವಳು. ಆಹಾ, ಬಂದೇಬಿಟ್ಟಿತು ಅಂದುಕೊಂಡಿದ್ದೆ. ಒಂದು ಸಂಜೆ ಅವಳು ಬರಲಿಲ್ಲ. 80 ಕೆಜಿಯ ಕಾಲೇಜು ಹುಡುಗನೊಬ್ಬ ಎದುರು ನಿಂತ. ಅದೇ ಪಟ್ಟು ಹಾಕಿದೆ, ಕಂಬ ಎಳೆದಂತಾಯಿತು. ಅವನೇ ಸಂಕೋಚದಿಂದ ಹೇಳಿದ: "ಯಕ್ಕಾರ, ನೀವು ಒಗ್ಯೂಕಿಂತ ಮೊದಲ ಅವರು ಜಿಗೀತಾರ್ರಿ."

ಆ ಸಿಟ್ಟಿಗೆ ಎರಡನೇ ತಪ್ಪು ಮಾಡಿದೆ. ಸ್ಪರ್ಧೆಗೆ ತಯಾರಾಗುತ್ತಿದ್ದ, ಎಲ್ಲರಿಗಿಂತ ಗಟ್ಟಿಗನನ್ನೇ ಹಿಡಿದುಕೊಂಡೆ. ಅವನು ನೆಲದ ಮೇಲೆ ನನ್ನ ತೋಳು ಚಾಚಿ ಮೊಣಕೈಗೆ ಒತ್ತಡ ಹಾಕಿದ. ನಾನು ಎರಡು ಸಲ ಚಾಪೆ ತಟ್ಟಿದೆ, ಸೋತೆ, ಬಿಡು ಎಂಬ ಸನ್ನೆ ಅದು. ಅವನ ಕೈ ಒಂದು ಕ್ಷಣ ತಡವಾಗಿ ಸಡಿಲಾಯಿತು. ಮೂರು ವಾರ ರೊಟ್ಟಿ ಬಡಿಯಲಾಗಲಿಲ್ಲ. ಮನೆಯವರು ಬಡಿದ ರೊಟ್ಟಿಯ ಕಥೆ ಬೇರೆ.

ಅವನದು ಕೆಟ್ಟತನವಲ್ಲ, ಅವನ ಗುರಿಯೇ ಬೇರೆ. ನಮ್ಮ ಜಿಲ್ಲೆಯ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ, ಜುಡೊ ಹೋಲುವ ಕುಸ್ತಿಯಲ್ಲಿ ಕಂಚು ತಂದವರು. ಆ ದಾರಿ ಹಿಡಿದ ಮಕ್ಕಳಿಗೆ ಪಾಯಿಂಟು ಬೇಕು, ನನಗೆ ಬಾಗಿಲು ಬೇಕು.

ಈಗ ಹೊಸಬರ ಜೊತೆ ಆಡುವಾಗ ಮೊದಲ ನಿಮಿಷದಲ್ಲೇ ಬೇಕಂತಲೇ ತಟ್ಟುತ್ತೇನೆ, ನೋವಿಲ್ಲದಿದ್ದರೂ. ತಟ್ಟಿದ ಕೂಡಲೇ ಕೈ ಬಿಟ್ಟರೆ ಮುಂದಿನ ಮಾತು. "ಹ್ಞಾಂ, ಏನಾಯ್ತು?" ಅಂತ ಹಿಡಿದುಕೊಂಡೇ ಕೇಳುವವರಿಗೆ ದೂರದಿಂದ ನಮಸ್ಕಾರ. ಇನ್ನೊಂದು, ತನಗಿಂತ ಸಣ್ಣವರನ್ನು ಅವರು ಹೇಗೆ ಒಗೆಯುತ್ತಾರೆ ಎಂದು ಗೋಡೆಗೆ ಕೂತು ನೋಡುತ್ತೇನೆ. ಬೀಳುವವರ ತೋಳನ್ನು ಕೊನೆತನಕ ಮೇಲಕ್ಕೆ ಎಳೆದು ಹಿಡಿದು, ತಲೆ ನೆಲಕ್ಕೆ ಬಡಿಯದಂತೆ ಕಾಯುವ ಕೈ ಬೇಕು ನನಗೆ.

ಜೋರು ಎಷ್ಟು ಎಂಬುದನ್ನು ಆಣೆ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಳ್ಳುತ್ತೇವೆ, ಹದಿನಾರಾಣೆ ಅಂದರೆ ಪೂರ್ತಿ ಜೋರು. ಹೊಸ ಪಟ್ಟಿಗೆ ನಾಲ್ಕಾಣೆ, ಕೈ ಕೂತ ಮೇಲೆ ಎಂಟಾಣೆ, ತಿಂಗಳಿಗೊಮ್ಮೆ ಹನ್ನೆರಡಾಣೆ. ಪುಕ್ಕಟೆ ಬೀಳುವಂತಿಲ್ಲ, ಅದೊಂದು ಕರಾರು.

1882ರಲ್ಲಿ ಜುಡೊ ಕಟ್ಟಿದ ಜಿಗೊರೊ ಕಾನೊ, ಮುಕ್ತ ಅಭ್ಯಾಸದಲ್ಲಿ ಗುದ್ದು-ಒದೆತ ಬೇಡವೆಂದರು. ಹಾಗಾಗಿ ಜೋರಾಗಿ ಸೆಣಸಿಯೂ ಮರುದಿನ ಮತ್ತೆ ಬರಬಹುದು. ಆದರೆ ರಸ್ತೆಯವನು ಕಾನೊ ಮಾತು ಕೇಳುವವನಲ್ಲ. ಜಡೆ ಎಳೆಯುತ್ತಾನೆ, ದುಪಟ್ಟಾ ಜಗ್ಗುತ್ತಾನೆ. ಅದಕ್ಕೇ ವಾರಕ್ಕೊಮ್ಮೆ ಜುಡೊ ಗೊತ್ತೇ ಇಲ್ಲದ ಹೊಸ ಹುಡುಗಿಯನ್ನು ಕರೆದು, ಚೂಡಿದಾರದಲ್ಲೇ ನಿಂತು, ಹೇಗೆ ಬೇಕಾದರೂ ಹಿಡಿ ಎನ್ನುತ್ತೇನೆ. ಕಲಿತವರು ಹಿಡಿಯುವ ಜಾಗ ನನಗೆ ಗೊತ್ತು, ಇವರದು ಗೊತ್ತಾಗುವುದಿಲ್ಲ. ಹೆದರಿಕೆಗೆ ಮೊಣಕೈ ಬೀಸುವವರೂ ಇವರೇ, ಆದ್ದರಿಂದ ನಾಲ್ಕಾಣೆ ದಾಟುವುದಿಲ್ಲ.

ಆ 80 ಕೆಜಿ ಹುಡುಗ ಈಗ ನನ್ನ ಕಾಯಂ ಜೋಡಿ. ಅವನ ಮಣಿಕಟ್ಟಿನ ಹಿಡಿತ ಬಿಡಿಸಿಕೊಳ್ಳುತ್ತೇನೆ, ಹೆಬ್ಬೆರಳಿನ ಕಡೆ ತಿರುಗಿಸಿದರೆ ದಾರಿ ಸಿಗುತ್ತದೆ. ಹಿಂದಿನಿಂದ ಹನ್ನೆರಡಾಣೆ ಜೋರಲ್ಲಿ ತಬ್ಬಿ ಹಿಡಿದರೆ ಮಾತ್ರ ಇನ್ನೂ ಸಿಕ್ಕಿಬೀಳುತ್ತೇನೆ. ಅವನು ನಗುವುದಿಲ್ಲ. "ಇನ್ನೊಮ್ಮೆ ಹಿಡೀಲೇನ್ರಿ ಯಕ್ಕಾರ?" ಅಂತಾನೆ.