ಕೌದಿಗೆಂದು ಕೂಡಿಟ್ಟ ಬಟ್ಟೆಯ ರಾಶಿಯನ್ನು ಕರಗಿಸುವ ಬಗೆ

ಕಲಬುರಗಿಯ ಕಡೆ ಒಂದು ಮನೆಯಲ್ಲಿ ಕೌದಿ, ಎಂದರೆ ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿದ ಹೊದಿಕೆ, ಹೊಲಿಯುತ್ತಾರೆಂದು ಓಣಿಗೆ ಗೊತ್ತಾದರೆ ಸಾಕು, ಆ ಮನೆಗೆ ಬಟ್ಟೆ ತಾನಾಗಿ ಬಂದು ಸೇರುತ್ತದೆ. ಅತ್ತೆಯ ಕಾಲದ ಇಳಕಲ್ ಸೀರೆಗಳು, ಮಾವನವರ ಧೋತ್ರಗಳು, ಉಡಿ ತುಂಬಿದಾಗ ಬಂದ ಕುಪ್ಪಸದ ಖಣಗಳು, ಆಯೇರಿಯಲ್ಲಿ, ಎಂದರೆ ಮದುವೆಯಂಥ ಕಾರ್ಯಗಳ ಉಡುಗೊರೆಯಾಗಿ, ಬಂದು ಉಡದೇ ಉಳಿದ ಸೀರೆಗಳು, ಟೇಲರ್ ಅಂಗಡಿಯಿಂದ ಚೀಲದಲ್ಲಿ ತುಂಬಿ ತಂದ ಚೂರುಗಳು ಸೇರಿ ನನ್ನ ಮನೆಯಲ್ಲಿ ಎರಡು ಪತರದ ಟ್ರಂಕು ತುಂಬಿದ್ದವು. ಮಂಚದ ಕೆಳಗೆ ಏಳು ಗಂಟು ಬೇರೆ. ಹೊಲಿಯಲು ಕುಳಿತಾಗ ಬೇಕಾದ ತುಂಡು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಇಂಥ ರಾಶಿಯನ್ನು ಹದಕ್ಕೆ ತರಲು ನಾನು ಮಾಡಿದ ಕೆಲಸವನ್ನು, ಅದರಲ್ಲಿ ಆದ ತಪ್ಪುಗಳನ್ನೂ ಬಿಡದೆ, ಇಲ್ಲಿ ಬರೆದಿದ್ದೇನೆ.

ಈ ಕೆಲಸಕ್ಕೆ ಬೇಸಿಗೆಯೇ ತಕ್ಕ ಕಾಲ. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿಗೆ ಹೊರಗೆ ಕಾಲಿಡಲಾಗುವುದಿಲ್ಲ, ಗಾಳಿಯಲ್ಲಿ ತೇವವೂ ಇರುವುದಿಲ್ಲ. ಒಗೆದ ಸೀರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಗಂಟು ಬಿಚ್ಚಿದರೆ ಅರೆತೇವದ ಬಟ್ಟೆಯನ್ನೇ ಮತ್ತೆ ಒಳಗೆ ತುರುಕಬೇಕಾಗಿ ಬಂದು ಬೂಸ್ಟು ಹಿಡಿಯುತ್ತದೆ. ಶಹಾಬಾದ್ ಫರಸಿಯ ನೆಲವಿರುವ ಪಡಸಾಲೆಯಿದ್ದರೆ ಅದನ್ನು ಚೆನ್ನಾಗಿ ಒರೆಸಿ ಎಲ್ಲವನ್ನೂ ಅದರ ಮೇಲೆ ಒಮ್ಮೆಗೇ ಸುರಿಯಿರಿ. ಒಂದೊಂದೇ ಗಂಟನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟುವವರು ಏನನ್ನೂ ಹೊರಗೆ ಹಾಕಲಾರರು. ಪೂರ್ತಿ ರಾಶಿ ಕಣ್ಣ ಮುಂದೆ ಬಿದ್ದಾಗಲೇ ಕೈ ಸ್ವಲ್ಪ ಧಾರಾಳವಾಗುತ್ತದೆ.

ತೊಗರಿ ರಾಶಿ ಮಾಡುವವರು ಮೊದಲು ತೂರಿ ಹೊಟ್ಟು ತೆಗೆದು ಆಮೇಲೆ ಕಾಳನ್ನು ಅಳೆಯುತ್ತಾರೆ. ಬಟ್ಟೆಯನ್ನೂ ಹಾಗೆಯೇ ತೂರಬೇಕು, ಮತ್ತು ಇಡೀ ಕೆಲಸದಲ್ಲಿ ಹೆಚ್ಚು ಸಮಯ ಇದಕ್ಕೇ ಹೋಗಬೇಕು. ಪ್ರತಿಯೊಂದು ಸೀರೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಅಡ್ಡಕ್ಕೂ ಉದ್ದಕ್ಕೂ ಜಗ್ಗಿ ನೋಡಿ. ಮಡಿಕೆಯ ಗೆರೆಯಲ್ಲಿ ಎಳೆ ಬಿಟ್ಟಿರುವ, ಜಗ್ಗಿದೊಡನೆ ಪರ್‍ರೆಂದು ಹರಿಯುವ ಬಟ್ಟೆ ಕೌದಿಯ ಮೇಲ್ಪದರಕ್ಕೆ ಬರುವುದಿಲ್ಲ. ಅದರಲ್ಲಿ ಗಟ್ಟಿ ಉಳಿದ ಭಾಗವನ್ನು ಒಳಪದರಕ್ಕೆ ಹಾಕಬಹುದು, ಉಳಿದದ್ದು ಅಡುಗೆಮನೆಯ ಮಸಿಬಟ್ಟೆ. ನೂಲು ಯಾವುದೆಂಬ ಸಂದೇಹ ಬಂದರೆ ಅಂಚಿನಿಂದ ಎರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿರಿ: ಹತ್ತಿ ಕಾಗದದ ವಾಸನೆ ಬಿಟ್ಟು ಮೃದುವಾದ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತೆ ಉಳಿಯುತ್ತದೆ. ಪಾಲಿಯೆಸ್ಟರನ್ನು ಹತ್ತಿಯೊಂದಿಗೆ ಬೆರೆಸಿ ಹೊಲಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಬೆವರು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತದೆ, ಮತ್ತು ಒಗೆದಾಗ ಹತ್ತಿ ಕುಗ್ಗಿ ಇದು ಕುಗ್ಗದೆ ಉಳಿಯುವುದರಿಂದ ಕೌದಿ ಗಂಟುಗಂಟಾಗುತ್ತದೆ. ಆಯೇರಿಯಲ್ಲಿ ಬಂದ ಸೀರೆಗಳಲ್ಲಿಯೂ ಉಡಿಯ ಖಣಗಳಲ್ಲಿಯೂ ಇಂಥವೇ ಹೆಚ್ಚಿರುವುದರಿಂದ ರಾಶಿಯ ದೊಡ್ಡ ಪಾಲು ಈ ಒಂದೇ ಪರೀಕ್ಷೆಯಲ್ಲಿ ಬೇರೆಯಾಗಿಬಿಡುತ್ತದೆ.

ಬಣ್ಣದ ಪರೀಕ್ಷೆಯನ್ನು ಬಿಟ್ಟು ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಬಣ್ಣ ಬಿಡುವುದಿಲ್ಲವೆಂದು ಅಂಗಡಿಯವರು ಹೇಳಿದ್ದ ಕೆಂಪು ಸೀರೆಯನ್ನು ಬಿಳಿ ಧೋತ್ರದ ಮೇಲೆ ಹಚ್ಚಿ ಎರಡು ತಿಂಗಳು ಹೊಲಿದಿದ್ದೆ. ಮೊದಲ ಒಗೆತಕ್ಕೇ ಧೋತ್ರವೆಲ್ಲ ಗುಲಾಬಿಯಾಯಿತು. ಬಿಳಿಯ ಚೂರೊಂದನ್ನು ತೋಯಿಸಿ, ಹಿಂಡಿ, ಬಣ್ಣದ ಬಟ್ಟೆಯ ಮೂಲೆಗೆ ಬಲವಾಗಿ ಉಜ್ಜಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ಕೂಡಲೇ ತಿಳಿಯುತ್ತದೆ. ಬಿಡುವ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ, ನೀರು ತಿಳಿಯಾಗುವವರೆಗೆ, ಹಲವು ಸಲ ಒಗೆಯಿರಿ. ಆಮೇಲೂ ಬಿಟ್ಟರೆ ಕೌದಿಗೆ ಬೇಡ.

ಇನ್ನು ಅಳತೆ. ಉಳಿದ ಬಟ್ಟೆಯನ್ನು ಇಷ್ಟು ಸೀರೆ, ಇಷ್ಟು ಧೋತ್ರವೆಂದು ಎಣಿಸಿದರೆ ಏನೂ ತಿಳಿಯುವುದಿಲ್ಲ. ಇದರಲ್ಲಿ ಎಷ್ಟು ಕೌದಿಯಾಗುತ್ತದೆಂದು ಎಣಿಸಬೇಕು. ಐದೂವರೆ ಮೀಟರಿನ ಒಂದು ಸೀರೆಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳನ್ನು ಅಕ್ಕಪಕ್ಕ ಜೋಡಿಸಿದರೆ ಸುಮಾರು 7.5 ಅಡಿ ಅಗಲ, 9 ಅಡಿ ಉದ್ದದ ಹಾಸು ದೊರೆಯುತ್ತದೆ, ಎಂದರೆ ಇಬ್ಬರು ಹೊದೆಯುವ ಕೌದಿಯ ಒಂದು ಪದರ. ನಾಲ್ಕು ಪದರದ ಕೌದಿಗೆ ನಾಲ್ಕು ಸೀರೆ ಬೇಕು. ಹತ್ತಿಯ ಸೀರೆ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುವುದರಿಂದ ಒಂದು ಕೌದಿಗೆ ಸುಮಾರು ಎರಡು ಕಿಲೋ ಬಟ್ಟೆಯೆಂದು ಹಿಡಿಯಬಹುದು. ತೂರುವ ಮೊದಲು ನನ್ನ ರಾಶಿ 46 ಕಿಲೋ ಇತ್ತು, ತೂರಿದ ಮೇಲೆ 26 ಕಿಲೋ ಉಳಿಯಿತು. ಅದು 13 ಕೌದಿಯ ಬಟ್ಟೆ. ದಿನವೂ ಊಟವಾದ ಮೇಲೆ ಎರಡು ತಾಸು ಕುಳಿತರೆ ಒಂದು ಕೌದಿಗೆ ನನಗೆ ಒಂದೂವರೆ ತಿಂಗಳು ಹಿಡಿಯುತ್ತದೆ. ಹೊಸ ಬಟ್ಟೆಯ ಒಂದು ಚೂರೂ ಮನೆಗೆ ಬರದಿದ್ದರೂ ಇದ್ದದ್ದನ್ನು ಮುಗಿಸಲು ಒಂದೂವರೆ ವರ್ಷ ಮೀರುತ್ತದೆಂದು ಲೆಕ್ಕ ಹಾಕಿದ ದಿನ ನಾನು ಟೇಲರ್ ಅಂಗಡಿಗೆ ಹೋಗುವುದನ್ನು ಬಿಟ್ಟೆ. ನಿಮ್ಮ ಕೈಯ ವೇಗದಲ್ಲಿ ಒಂದು ವರ್ಷಕ್ಕೆ ಆಗುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡಿ.

ಬಿಟ್ಟುಕೊಡುವ ದಾರಿಗಳಿಗೆ ಕೊರತೆಯಿಲ್ಲ. ಉಡದ ಸೀರೆ ಮತ್ತು ಖಣಗಳು ಮುಂದಿನ ಉಡಿಗೆ ಹೋಗಲಿ. ಪಾಲಿಯೆಸ್ಟರ್ ಸೀರೆಗಳನ್ನು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಒಯ್ಯುತ್ತಾರೆ, ಚೌಕಾಸಿಗೆ ತಾಳ್ಮೆಯಿರಬೇಕಷ್ಟೆ. ಒಳ್ಳೆಯ ಹತ್ತಿ ಮಿಕ್ಕಿದ್ದರೆ ಕೂಲಿಗೆ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಒಂದೆರಡು ಕೌದಿಯ ಬಟ್ಟೆಯನ್ನು ಕಟ್ಟಿಕೊಟ್ಟು, ಕೂಲಿಯನ್ನು ಮೊದಲೇ ಮಾತಾಡಿಕೊಂಡು ಹೊಲಿಸಿರಿ.

ತೀರಿಕೊಂಡವರ ಬಟ್ಟೆಯ ಮಾತು ಬೇರೆ. ಅದನ್ನು ತೂಕಕ್ಕೆ ಹಚ್ಚಲು ಮನಸ್ಸು ಬರುವುದಿಲ್ಲ, ಬರಬೇಕೆಂದೂ ಇಲ್ಲ. ನನ್ನ ಅಜ್ಜನ ಒಂದು ದಪ್ಪ ಧೋತ್ರ ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿನದೆಂದು ಮನೆಯಲ್ಲಿ ಹೇಳುತ್ತಿದ್ದರು. ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾಗಿ ಈಗ ಊರಿನ ಆ ಭಾಗಕ್ಕೆ ಅದರ ಹೆಸರು ಮಾತ್ರ ಉಳಿದಿದೆ. ಆ ಧೋತ್ರವನ್ನು ಹತ್ತು ವರ್ಷ ಟ್ರಂಕಿನ ತಳದಲ್ಲಿಟ್ಟು, ಮಡಿಕೆಯಲ್ಲಿ ಹರಿಯತೊಡಗಿದ ಮೇಲೆ ಒಂದು ಮೊಳ ಅಂಚನ್ನು ಕತ್ತರಿಸಿ ಕೌದಿಯ ನಡುವೆ ಹಚ್ಚಿದೆ, ಉಳಿದದ್ದು ಅದೇ ಕೌದಿಯ ಒಳಪದರವಾಯಿತು. ಮೊದಲೇ ಮಾಡಿದ್ದರೆ ಇನ್ನಷ್ಟು ಗಟ್ಟಿ ಬಟ್ಟೆ ಸಿಗುತ್ತಿತ್ತು.

ಇಟ್ಟುಕೊಂಡದ್ದನ್ನು ಕಾಪಾಡುವಾಗ ಗಂಜಿ ಹಾಕಿದ ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದೇ ಇಡಬೇಕು, ಏಕೆಂದರೆ ಟ್ರಂಕಿನಲ್ಲಿ ಹರಿದಾಡುವ ಬೆಳ್ಳಿ ಬಣ್ಣದ ಪುಟ್ಟ ಹುಳುಗಳಿಗೆ ಗಂಜಿಯೇ ಆಹಾರ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುವುದರಿಂದ ಹಳೆಯ ಧೋತ್ರದಲ್ಲಿಯೇ ಗಂಟು ಕಟ್ಟಿ, ನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹಾಕಿ. ಡಾಂಬರು ಗುಳಿಗೆಯನ್ನು ಕೂಸಿನ ಕೌದಿಗೆಂದು ಇಟ್ಟ ಬಟ್ಟೆಯಲ್ಲಿ ಎಂದೂ ಹಾಕಬೇಡಿ. ಗೆದ್ದಲು ಹತ್ತದಂತೆ ಟ್ರಂಕನ್ನು ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ.

ಗಂಟು ಕಟ್ಟುವಾಗ ಬಣ್ಣಕ್ಕೊಂದು ಗಂಟು ಮಾಡುವವರುಂಟು. ನೋಡಲು ಚೆಂದ, ಕೆಲಸಕ್ಕೆ ಬಾರದು. ಒಂದು ಕೌದಿಗೆ ಬೇಕಾದ ಹಾಸು, ಒಳಪದರ, ಮೇಲಿನ ತೇಪೆ, ಸುತ್ತಲಿನ ಅಂಚು, ನೂಲಿನ ಉಂಡೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಯಾರಿಗೆಂದು ಚೀಟಿ ಬರೆದು ಸಿಕ್ಕಿಸಿದರೆ ಒಂದು ಗಂಟು ಬಿಚ್ಚಿದ ದಿನವೇ ಹೊಲಿಗೆ ಶುರುವಾಗುತ್ತದೆ. ಎಲ್ಲ ಸೀರೆಗಳನ್ನೂ ಮೊದಲೇ ಚೌಕ ಚೌಕವಾಗಿ ಕತ್ತರಿಸಿಡುವ ಉತ್ಸಾಹ ಬೇಡ: ಇಡೀ ಸೀರೆ ಹಾಸಾಗಬಲ್ಲದು, ಒಳಪದರವಾಗಬಲ್ಲದು, ಕತ್ತರಿಸಿದ ಮೇಲೆ ತೇಪೆಯಷ್ಟೇ ಆಗುತ್ತದೆ. ಮೂರು ಬೆರಳಿಗಿಂತ ಸಣ್ಣ ಚೂರುಗಳು ತಲೆದಿಂಬಿನ ಹೊಟ್ಟೆಗೆ ಹೋಗಲಿ.

ಇಷ್ಟಾದರೂ ಬಾಗಿಲಲ್ಲಿ ಯಾರಾದರೂ ಚೀಲ ಹಿಡಿದು ನಿಂತೇ ನಿಲ್ಲುತ್ತಾರೆ. “ಅಕ್ಕಾ, ನೀವು ಕೌದಿ ಹೊಲಿತೀರಿ ಅಂತ ತೆಗೆದಿಟ್ಟಿದ್ದೆ, ಇಟ್ಕೋರಿ” ಎಂದಾಗ ಬೇಡವೆನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಚೀಲವನ್ನು ಒಳಗೆ ಒಯ್ಯದೆ ಅವರನ್ನೇ ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಅವರ ಎದುರಿಗೇ ಎರಡು ಗಟ್ಟಿ ಹತ್ತಿಯ ತುಂಡು ಆರಿಸಿಕೊಂಡು, ಉಳಿದದ್ದನ್ನು ಅದೇ ಚೀಲದಲ್ಲಿ ಹಾಕಿ ಕಳಿಸುತ್ತೇನೆ.