ಸಾವಿರದ ಇನ್ನೂರು ಫಾಂಟ್‌ಗಳಿಂದ ನೂರಾ ಹತ್ತಕ್ಕೆ

ರಾಯಚೂರಿನ ತೀನ್ ಕಂದೀಲ್ ಬಳಿಯ ನಮ್ಮ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಕಟ್ಟುವ) ಅಂಗಡಿಯಲ್ಲಿ ಲಗ್ನಪತ್ರಿಕೆ ಒಂದೇ ಲಿಪಿಯಲ್ಲಿ ಮುಗಿಯುವುದು ಅಪರೂಪ. ಹೆಣ್ಣಿನ ಕಡೆಯವರಿಗೆ ಕನ್ನಡ ಬೇಕು, ಗದ್ವಾಲದ ಬೀಗರಿಗೆ ತೆಲುಗು ಬೇಕು, ಅದರ ಬೆನ್ನಿಗೇ ಉರ್ದು ಪತ್ರಿಕೆಯೊಂದು ಬಂದು ಕೂರುತ್ತದೆ. ಹೀಗಾಗಿ ಯಾರ ಪೆನ್‌ಡ್ರೈವಿನಲ್ಲಿ ಯಾವ ಫಾಂಟ್ (ಅಕ್ಷರವಿನ್ಯಾಸದ ಕಡತ) ಕಂಡರೂ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದೆ. ಹನ್ನೆರಡು ವರ್ಷಗಳಲ್ಲಿ ಅವು ಸಾವಿರದ ಇನ್ನೂರು ದಾಟಿದವು. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್ ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿ ಹೋಗುತ್ತಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದೆ.

ನಾನು ಹೆಚ್ಚಾಗಿ ಬಳಸುತ್ತಿದ್ದ ಫಾಂಟಿಗೆ ಒಂದು ಜೋಡಿ ಇತ್ತು. ಅಕ್ಷರಗಳೆಲ್ಲ ಒಂದೇ, ಒಂದರಲ್ಲಿ ಅಂಕಿಗಳು 1, 2, 3 ಎಂದು ಬಂದರೆ ಇನ್ನೊಂದರಲ್ಲಿ ೧, ೨, ೩ ಎಂದು ಬರುತ್ತಿದ್ದವು. ಒಂದು ಸಂಜೆ ಉದ್ದದ ಪಟ್ಟಿಯನ್ನು ಸರಸರನೆ ಉರುಳಿಸುವಾಗ ಕೈ ಒಂದು ಸಾಲು ತಪ್ಪಿತು. ಪ್ರೂಫ್ ನೋಡುವಾಗ ಕಣ್ಣೆಲ್ಲ ಹೆಸರುಗಳ ಮೇಲೆಯೇ ಇತ್ತು. ಮುನ್ನೂರು ಪ್ರತಿ ಅಚ್ಚಾದ ಮೇಲೆ ವಧುವಿನ ತಂದೆ ಕನ್ನಡ ಅಂಕಿಗಳಲ್ಲಿ ಅಚ್ಚಾಗಿದ್ದ ಮೊಬೈಲ್ ಸಂಖ್ಯೆಯ ಮೇಲೆ ಬೆರಳಿಟ್ಟು, "ತಮ್ಮಾ, ನಮ್ಮ ಬೀಗರು ಇದನ್ನು ಓದಿ ಫೋನ್ ಹಚ್ಚುವುದು ಹೇಗೆ?" ಎಂದು ಕೇಳಿದರು. ಅವರು ದನಿ ಏರಿಸಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ. ಅಂದೇ ರಾತ್ರಿ ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿದೆ.

ಕನ್ನಡದವರ ಫಾಂಟ್ ಪಟ್ಟಿ ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೇ ಸಂಕೇತಕ್ರಮ) ಅಲ್ಲದ ಹಳೆಯ ಫಾಂಟ್‌ಗಳನ್ನು ಕನ್ನಡವೆಂದು ಸಾಫ್ಟ್‌ವೇರ್ ಗುರುತಿಸುವುದೇ ಇಲ್ಲ. ಆ ಫಾಂಟ್‌ಗಳಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆಗಳು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳನ್ನು ತುಂಡು ಮಾಡಿ ಆ ಮನೆಗಳಲ್ಲಿ ಕೂರಿಸಿದರು, ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ. ನುಡಿ, ಬರಹ, ಶ್ರೀಲಿಪಿ ಇವೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶಗಳು; ಆದ್ದರಿಂದಲೇ ನುಡಿಯಲ್ಲಿ ಹೊಡೆದ ಪಠ್ಯಕ್ಕೆ ಶ್ರೀಲಿಪಿ ಫಾಂಟ್ ಕೊಟ್ಟರೆ ಎಲ್ಲ ಕಲಸುಮೇಲೋಗರವಾಗುತ್ತದೆ. ಪಟ್ಟಿಯಾದರೋ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ: ಬರಹದವು ಮೇಲೆಲ್ಲೋ, ನುಡಿಯವು ನಡುವೆ, ಶ್ರೀಲಿಪಿಯವು ಕೆಳಗೆ. ಶ್ರೀಲಿಪಿಯಲ್ಲಂತೂ ಫಾಂಟ್‌ಗಳನ್ನು ಸಂಖ್ಯೆಯಿಂದ ನೆನಪಿಟ್ಟುಕೊಳ್ಳಬೇಕು. ಉರ್ದುವಿನ ಕಥೆ ಇನ್ನೂ ದೊಡ್ಡದು. ಉರ್ದು ಬರೆಯುವ ನಸ್ತಾಲೀಕ್ ಶೈಲಿಗೆ ಸಾವಿರಾರು ಕೂಡಕ್ಷರಗಳು ಬೇಕಾದ್ದರಿಂದ ಉರ್ದು ತಂತ್ರಾಂಶ ಇನ್‌ಪೇಜ್‌ನ ನೂರಿ ನಸ್ತಾಲೀಕ್ ಫಾಂಟ್ ಹತ್ತಾರು ಕಡತಗಳಲ್ಲಿ ಹಂಚಿಕೊಂಡಿದೆ. ಹಿಂದೆ ನಮ್ಮಲ್ಲಿದ್ದ ಹುಡುಗನೊಬ್ಬ ಅವನ್ನೆಲ್ಲ ವಿಂಡೋಸ್‌ಗೆ ಹಾಕಿಬಿಟ್ಟಿದ್ದರಿಂದ ಪಟ್ಟಿ ಇನ್ನೂ ಬೆಳೆದಿತ್ತು. ಈಗ ಉರ್ದು ಭಾಗವನ್ನು ಇನ್‌ಪೇಜ್‌ನಲ್ಲೇ ಮುಗಿಸಿ, ಪಿಡಿಎಫ್ ಮಾಡಿ ಪುಟಕ್ಕೆ ತಂದು ಕೂರಿಸುತ್ತೇನೆ.

ಸ್ವಚ್ಛ ಮಾಡಲು ಮೂರು ಭಾನುವಾರ ಹಿಡಿಯಿತು. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆ; ಅದಕ್ಕೂ ಮೊದಲು ಒಂದನ್ನೂ ಅಳಿಸಬಾರದು. ವಿಂಡೋಸ್ 10ರಲ್ಲಿ ಫಾಂಟ್‌ಗಳು ಎರಡು ಕಡೆ ಇರುತ್ತವೆ. ಎಲ್ಲ ಬಳಕೆದಾರರಿಗೆಂದು ಹಾಕಿದವು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿದ್ದರೆ, ನಮ್ಮೊಬ್ಬರಿಗೇ ಎಂದು ಹಾಕಿದವು ಆಪ್‌ಡೇಟಾ ಎಂಬ ಕಣ್ಣಿಗೆ ಬೀಳದ ಫೋಲ್ಡರಿನ ಒಳಗೆ ಅಡಗಿರುತ್ತವೆ. ಈ ಎರಡನೆಯ ಜಾಗ ಗೊತ್ತಿಲ್ಲದೆ ಮೊದಲ ಭಾನುವಾರ ಪೂರ್ತಿ ಕಳೆದೆ. ನಿರ್ಮಲಾ ಯುಐ, ಸೆಗೋ ಯುಐನಂತಹ ವಿಂಡೋಸ್‌ನ ಸ್ವಂತ ಫಾಂಟ್‌ಗಳನ್ನು ಮುಟ್ಟಲಿಲ್ಲ.

ಯಾವುದು ಉಳಿಯಬೇಕು ಎಂಬುದನ್ನು ಪರದೆ ನೋಡಿ ತೀರ್ಮಾನಿಸಲಾಗದು. "ಶ್ರೀ, ಲಕ್ಷ್ಮೀ, ರಾಷ್ಟ್ರ, ಜ್ಞಾನ, ದೀರ್ಘ, ಸೌಹಾರ್ದ, ಕೃಪೆ" ಎಂಬ ಒಂದೇ ಸಾಲನ್ನು ಪ್ರತಿ ಕನ್ನಡ ಫಾಂಟಿನಲ್ಲೂ ಹೊಡೆದು, ಕೆಳಗೆ ಅಂಕಿಗಳನ್ನು ಹಾಕಿ, ಕಾಗದದ ಮೇಲೆ ತೆಗೆದೆ. ಆಗ ಗುಣ ಗೊತ್ತಾಯಿತು. ಒಂದರಲ್ಲಿ "ದೀರ್ಘ"ದ ಅರ್ಕಾವತ್ತು ಮುಂದಿನ ಅಕ್ಷರಕ್ಕೆ ತಾಗುತ್ತಿತ್ತು. ಇನ್ನೊಂದರಲ್ಲಿ "ರಾಷ್ಟ್ರ"ದ ಒತ್ತುಗಳು ಕೆಳಗಿನ ಸಾಲಿನ ತಲಕಟ್ಟಿಗೆ ಬಡಿಯುತ್ತಿದ್ದವು. ಶೀರ್ಷಿಕೆಗೆ ಎಷ್ಟೇ ಚೆಂದ ಕಂಡರೂ ಒತ್ತಕ್ಷರ ಕೆಟ್ಟ ಫಾಂಟನ್ನು ನಾನು ಇಟ್ಟುಕೊಳ್ಳಲಿಲ್ಲ. ಮನೆಯವರ ಹೆಸರಿನಲ್ಲೇ ಒತ್ತು ಕೆಟ್ಟರೆ ಪತ್ರಿಕೆ ಯಾತಕ್ಕೆ?

ಕೊನೆಗೆ ವಿಂಡೋಸ್‌ನವನ್ನೂ ಸೇರಿಸಿ ನೂರಾ ಹತ್ತು ಉಳಿದವು. ಮಿಕ್ಕವುಗಳಲ್ಲಿ ಒತ್ತು ಸರಿಯಿದ್ದವನ್ನು ಲಗ್ನಪತ್ರಿಕೆ, ಕರಪತ್ರ, ಪುಸ್ತಕ, ತೆಲುಗು ಎಂದು ಕೆಲಸಕ್ಕೆ ತಕ್ಕಂತೆ ಫೋಲ್ಡರುಗಳಲ್ಲಿ ಇಟ್ಟೆ. ಕಾರಹುಣ್ಣಿಮೆಯ ಹಬ್ಬದ ಕರಪತ್ರ ಬಂದಾಗ ನೆಕ್ಸಸ್‌ಫಾಂಟ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಒಂದು ಗುಂಪನ್ನು ತೆರೆಯುತ್ತೇನೆ, ಕೆಲಸ ಮುಗಿದ ಮೇಲೆ ಮುಚ್ಚುತ್ತೇನೆ. ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಳಸುವವರು ಅದನ್ನು ಒಮ್ಮೆ ಮುಚ್ಚಿ ತೆರೆಯಬೇಕಾಗುತ್ತದೆ.

ಇನ್‌ಡಿಸೈನ್‌ನಲ್ಲಿ ಇನ್ನೂ ಒಳ್ಳೆಯ ದಾರಿಯಿದೆ. ಕೆಲಸ ಮುಗಿದಾಗ ಪ್ಯಾಕೇಜ್ ಆಜ್ಞೆ ಕೊಟ್ಟರೆ ಕಡತದ ಪಕ್ಕದಲ್ಲೇ 'ಡಾಕ್ಯುಮೆಂಟ್ ಫಾಂಟ್ಸ್' ಎಂಬ ಫೋಲ್ಡರ್ ಹುಟ್ಟುತ್ತದೆ. ಅದರಲ್ಲಿರುವ ಫಾಂಟ್‌ಗಳು ಆ ಕಡತ ತೆರೆದಾಗ ಮಾತ್ರ ಜೀವ ಪಡೆಯುತ್ತವೆ, ಬೇರೆ ಕಡತದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹಳೆಯ ಪತ್ರಿಕೆ ಮತ್ತೆ ಬೇಕಾದೀತೆಂಬ ಒಂದೇ ಭಯಕ್ಕೆ ನೂರಾರು ಫಾಂಟ್‌ಗಳನ್ನು ಹೊತ್ತು ಕುಳಿತಿದ್ದೆ. ಆ ಭಯ ಹೋಯಿತು.

ಇಷ್ಟಾದ ಮೇಲೂ ಪ್ರತಿ ಸಾಲಿಗೆ ಪಟ್ಟಿ ತೆರೆದರೆ ಕೈ ತಪ್ಪಿಯೇ ತಪ್ಪುತ್ತದೆ. ಅದಕ್ಕೆ ವಧೂವರರ ಹೆಸರು, ಮುಹೂರ್ತ, ಸ್ಥಳ, ಮೊಬೈಲ್ ಸಂಖ್ಯೆ ಎಂದು ಒಂದೊಂದಕ್ಕೂ ಸ್ಟೈಲ್ (ಫಾಂಟ್, ಗಾತ್ರಗಳ ಸಿದ್ಧ ಜೋಡಣೆ) ಮಾಡಿಟ್ಟಿದ್ದೇನೆ. ಫಾಂಟ್ ಆಯ್ಕೆ ಒಮ್ಮೆ ಮಾತ್ರ, ಸ್ಟೈಲ್ ಕಟ್ಟುವಾಗ.

ಮಾದರಿ ಹಾಳೆಗಳನ್ನು ರಟ್ಟಿಗೆ ಅಂಟಿಸಿ ಗೋಡೆಗೆ ತೂಗು ಹಾಕಿದ್ದೇನೆ. ಹೋದ ವೈಶಾಖದಲ್ಲಿ ಅದೇ ಹಿರಿಯರು ಎರಡನೆಯ ಮಗಳ ಪತ್ರಿಕೆಗೆಂದು ಬಂದರು. ಹಾಳೆಯ ಮೇಲೆ ಬೆರಳಾಡಿಸಿ, "ಲಕ್ಷ್ಮೀ" ಎಂಬುದನ್ನು ಎರಡೆರಡು ಸಲ ಓದಿ, "ಇದು ಇರಲಿ" ಎಂದರು. ಪ್ರೂಫ್ ಕೈಗೆ ಕೊಟ್ಟಾಗ ಸಂಖ್ಯೆಯನ್ನು ನಾನೇ ಗಟ್ಟಿಯಾಗಿ ಓದಿದೆ. ಅವರು ಒಂದೊಂದೇ ಅಂಕಿಯನ್ನು ಜೊತೆಗೆ ಬಂದಿದ್ದ ಬೀಗರ ಮೊಬೈಲಿನಲ್ಲಿ ಒತ್ತಿದರು. ಹಿರಿಯರ ಜೇಬಿನೊಳಗಿನ ಫೋನ್ ರಿಂಗಾಯಿತು.