ಸಿ2 ಕೋಶಗಳನ್ನು ನಾನು ಬೆಳೆಸುವ ಬಗೆ

ಸಿ2 ಮತ್ತು ಬಿಆರ್ ಎರಡೂ ನಾಯಿಯ ಮಾಸ್ಟ್ ಕೋಶ (ಅಲರ್ಜಿಯಲ್ಲಿ ಪಾತ್ರವಿರುವ ರೋಗನಿರೋಧಕ ಕೋಶ) ಗಡ್ಡೆಯಿಂದ ಬಂದ ಸೆಲ್ ಲೈನ್‌ಗಳು, ಅಂದರೆ ಲ್ಯಾಬ್‌ನಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸುವ ಕೋಶಗಳು. ಎರಡರಲ್ಲೂ ಕಿಟ್ ಜೀನ್‌ನ 11ನೇ ಎಕ್ಸಾನ್‌ನಲ್ಲಿ (ಪ್ರೋಟೀನ್‌ಗೆ ಸೂಚನೆ ಕೊಡುವ ತುಂಡಿನಲ್ಲಿ) ಮಾರ್ಪಾಡಾಗಿದ್ದು, ಕೋಶಕ್ಕೆ ಬೆಳೆಯಲು ಹೇಳುವ ಕಿಟ್ ಗ್ರಾಹಕ ಸಂಕೇತಕ್ಕೆ ಕಾಯದೆ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಆ ಸಂಕೇತ ಕೊಡುವ ಪ್ರೋಟೀನ್ ಆದ ಸ್ಟೆಮ್ ಸೆಲ್ ಫ್ಯಾಕ್ಟರ್ ಬೆರೆಸಬೇಕಿಲ್ಲ. ಆರ್‌ಪಿಎಂಐ 1640 ಎಂಬ ಮೀಡಿಯಮ್ (ಕೋಶಗಳ ಪೋಷಕ ದ್ರವ), ಶೇ 10 ಕರುವಿನ ಸೀರಮ್, 2 ಮಿಲಿಮೋಲಾರ್ ಗ್ಲುಟಮಿನ್, 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್ ಇದ್ದರೆ ಸಾಕು. ತಿಂಗಳುಗಟ್ಟಲೆ ಫ್ರಿಜ್‌ನಲ್ಲಿಟ್ಟ ಮೀಡಿಯಮ್‌ನಲ್ಲಿ ಗ್ಲುಟಮಿನ್ ಒಡೆದುಹೋಗಿರುತ್ತದೆ. ಆಗ ಹೊಸದಾಗಿ ಬೆರೆಸುತ್ತೇನೆ.

ಕೋಶಗಳಿರುವ ಹೆಪ್ಪುಗಟ್ಟಿದ ವಯಲ್ (ಪುಟ್ಟ ಶೀಶೆ) ಅನ್ನು 37 ಡಿಗ್ರಿ ನೀರಿನಲ್ಲಿ ಹಿಡಿದು, ಒಳಗೆ ಮಂಜಿನ ಚೂರು ಉಳಿದಿರುವಾಗಲೇ ತೆಗೆಯುತ್ತೇನೆ. ಅದಕ್ಕೆ 9 ಮಿಲಿಲೀಟರ್ ಬೆಚ್ಚಗಿನ ಮೀಡಿಯಮ್ ಅನ್ನು ಹನಿಹನಿಯಾಗಿ ಸೇರಿಸಬೇಕು. ಒಮ್ಮೆಲೇ ಸುರಿದರೆ, ಹೆಪ್ಪುಗಟ್ಟಿಸುವಾಗ ಕಾಪಾಡಲು ಹಾಕಿದ ಡಿಎಂಎಸ್‌ಒ ಎಂಬ ದ್ರಾವಕ ತುಂಬಿದ ಕೋಶಗಳೊಳಗೆ ನೀರು ನುಗ್ಗಿ ಅವು ಒಡೆಯುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ 200 ಜಿಯಲ್ಲಿ (ಗುರುತ್ವದ 200 ಪಟ್ಟು ಬಲದಲ್ಲಿ) 5 ನಿಮಿಷ ತಿರುಗಿಸಿ, 5 ಮಿಲಿಲೀಟರ್ ಹೊಸ ಮೀಡಿಯಮ್‌ನಲ್ಲಿ ಟಿ25 ಎಂಬ ಚಿಕ್ಕ ಫ್ಲಾಸ್ಕ್‌ಗೆ ಹಾಕುತ್ತೇನೆ. ಮೊದಲ ಮೂರು ದಿನ ಕೋಶಗಳು ಸತ್ತಂತೆಯೇ ಕಾಣುತ್ತವೆ. ಅವನ್ನು ಎಸೆಯಬಾರದು, ತೆಳುವಾಗಿಸಲೂ ಬಾರದು.

ಇವು ತೇಲುತ್ತ ಬೆಳೆಯುವ ಕೋಶಗಳಾದ್ದರಿಂದ, ತಳಕ್ಕೆ ಅಂಟಿದವನ್ನು ಬಿಡಿಸುವ ಟ್ರಿಪ್ಸಿನ್ ಬೇಡ. ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿ, ಮಿಲಿಲೀಟರ್‌ಗೆ 2ರಿಂದ 10 ಲಕ್ಷದೊಳಗೆ ಇಟ್ಟುಕೊಳ್ಳುತ್ತೇನೆ. ಎರಡು ಮೂರು ದಿನಕ್ಕೊಮ್ಮೆ ಹೊಸ ಮೀಡಿಯಮ್‌ಗೆ ಹಂಚಬೇಕಾಗುತ್ತದೆ. ದಟ್ಟಣೆ ಹೆಚ್ಚಾದರೆ ಕೋಶಗಳು ಸಾಯುತ್ತವೆ, ಸತ್ತವುಗಳ ಡಿಎನ್‌ಎ ಅಂಟಾಗಿ ಉಳಿದವನ್ನೂ ಗಂಟುಕಟ್ಟಿಸುತ್ತದೆ. ಗಂಟನ್ನು ಪಿಪೆಟ್‌ನಿಂದ ಬಲವಂತವಾಗಿ ಒಡೆಯಬೇಡಿ, ಡಿಎನ್‌ಎಯನ್ನು ತುಂಡರಿಸುವ ಡಿಎನ್‌ಏಸ್ ಕಿಣ್ವವನ್ನು ಸ್ವಲ್ಪ ಹಾಕಿದರೆ ತಾನೇ ಸಡಿಲಗೊಳ್ಳುತ್ತದೆ.

ನನ್ನ ಮಟ್ಟಿಗೆ ಬೆಳೆಸುವುದಕ್ಕಿಂತ, ಲೈನ್‌ಗಳು ಬೆರಕೆಯಾಗದಂತೆ ಅವುಗಳ ಗುರುತು ಕಾಯುವುದೇ ದೊಡ್ಡ ಕೆಲಸ. ಔಷಧ ಪರೀಕ್ಷೆಯ ಇಡೀ ಅರ್ಥ ಕಿಟ್‌ನ ಮಾರ್ಪಾಡಿನ ಮೇಲೆ ನಿಂತಿದೆ. ಸಿ2ನಲ್ಲಿ ಎಕ್ಸಾನ್‌ನ ಒಂದು ಭಾಗ ಇಮ್ಮಡಿಯಾಗಿರುವುದರಿಂದ ಪಿಸಿಆರ್ (ಡಿಎನ್‌ಎಯ ಆಯ್ದ ತುಂಡಿನ ನಕಲುಗಳನ್ನು ಹೆಚ್ಚಿಸುವ ವಿಧಾನ) ಮಾಡಿದರೆ ಸಾಮಾನ್ಯ ನಾಯಿಯ ಡಿಎನ್‌ಎಗಿಂತ ಉದ್ದದ ತುಂಡಿನ ಪಟ್ಟಿ, ತುಂಡುಗಳನ್ನು ಉದ್ದಕ್ಕನುಗುಣವಾಗಿ ಬೇರ್ಪಡಿಸುವ ಜೆಲ್‌ನಲ್ಲಿ ಕಾಣುತ್ತದೆ. ಬಿಆರ್‌ನಲ್ಲಿ ಬದಲಾದದ್ದು 575ನೇ ಅಮೈನೋ ಆಮ್ಲ ಒಂದೇ, ಲ್ಯೂಸಿನ್ ಹೋಗಿ ಪ್ರೋಲಿನ್ ಬಂದಿದೆ. ಅದನ್ನು ಜೆಲ್ ತೋರಿಸದು, ಅನುಕ್ರಮವನ್ನೇ ಓದಿಸಬೇಕು. ಎರಡು ಲೈನ್‌ಗಳನ್ನೂ ಒಂದೇ ಹೊತ್ತಿಗೆ ಹುಡ್‌ನೊಳಗೆ (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆಯೊಳಗೆ) ತರುವುದಿಲ್ಲ; ಮೀಡಿಯಮ್ ಬಾಟಲಿಯೂ ಬೇರೆಬೇರೆ. ಟಾಲುಯಿಡಿನ್ ಬ್ಲೂ ಬಣ್ಣಕ್ಕೆ ಮಾಸ್ಟ್ ಕೋಶದೊಳಗಿನ ಕಣಗಳು ನೇರಳೆಯಾಗುತ್ತವೆ. ಆದರೆ ಗಡ್ಡೆಯ ಕೋಶಗಳಲ್ಲಿ ಕಣ ವಿರಳವಾಗಿರಬಹುದು, ಬಣ್ಣ ಮಸುಕಾದ ಮಾತ್ರಕ್ಕೆ ಗಾಬರಿ ಬೇಡ.

ಮೈಕೋಪ್ಲಾಸ್ಮಾ ಎಂಬ ಅತಿ ಪುಟ್ಟ ಬ್ಯಾಕ್ಟೀರಿಯಾ ಸೋಂಕಿದ್ದರೂ ಮೀಡಿಯಮ್ ಕದಡುವುದಿಲ್ಲ. ಅದಕ್ಕೆ ಕೋಶಭಿತ್ತಿ ಇಲ್ಲವಾದ್ದರಿಂದ ಪೆನಿಸಿಲಿನ್ ನಾಟುವುದೂ ಇಲ್ಲ. ಅದನ್ನು ಹಿಡಿಯಲು ತಿಂಗಳಿಗೊಮ್ಮೆ ಪಿಸಿಆರ್ ಮಾಡಲೇಬೇಕು.

ಕಿಟ್ ಅನ್ನು ತಡೆಯುವ ಔಷಧ ಟೊಸೆರಾನಿಬ್ ಪರೀಕ್ಷಿಸುವಾಗ, ಅದನ್ನು ಕರಗಿಸಿದ ಡಿಎಂಎಸ್‌ಒ ಶೇ 0.1 ದಾಟದಂತೆ ನೋಡಿಕೊಂಡು, ಅಷ್ಟೇ ಡಿಎಂಎಸ್‌ಒ ಹಾಕಿದ ಔಷಧವಿಲ್ಲದ ಹೋಲಿಕೆಯ ಗುಳಿಗಳನ್ನೂ ಪರೀಕ್ಷಾ ತಟ್ಟೆಯಲ್ಲಿ ಇಡುತ್ತೇನೆ. 100 ನ್ಯಾನೋಮೋಲಾರ್‌ಗೂ ಸಿ2 ಜಗ್ಗದಿದ್ದರೆ ಮೊದಲು ಅನುಮಾನಿಸುವುದು ಫ್ಲಾಸ್ಕನ್ನು. ಅದನ್ನು ಬಿಸುಟು, ಶೇ 90 ಸೀರಮ್, ಶೇ 10 ಡಿಎಂಎಸ್‌ಒನಲ್ಲಿ ದ್ರವ ಸಾರಜನಕಕ್ಕೆ ಇಳಿಸಿಟ್ಟ ಮೊದಮೊದಲ ಪೀಳಿಗೆಯ ವಯಲ್ ತೆಗೆಯುತ್ತೇನೆ.